ಮೂರು ಮೂಲೆಯ ತೂತು

ಮೂವತ್ತನಾಲ್ಕು ವರ್ಷ ಬಸ್ಸಿನಲ್ಲಿ ಟಿಕೆಟ್ ತಪಾಸಣೆ ಮಾಡಿದವನು ಎದುರಿಗೆ ಬಂದ ಮನುಷ್ಯನ ಮುಖ ನೋಡುವುದಿಲ್ಲ, ಕೈ ನೋಡುತ್ತಾನೆ. ಮುಖ ಸುಳ್ಳು ಹೇಳಲು ಕಲಿತಿರುತ್ತದೆ, ಕೈ ಪಾಪ ಕಲಿತಿರುವುದಿಲ್ಲ. ಟಿಕೆಟ್ ಇದ್ದವನ ಕೈ ಸುಮ್ಮನೆ ಕಂಬ ಹಿಡಿದುಕೊಂಡಿರುತ್ತದೆ. ಇಲ್ಲದವನ ಕೈ ಜೇಬಿಗೆ ಹೋಗಿ, ಹೊರಗೆ ಬಂದು, ಕಾಲರ್ ಸರಿ ಮಾಡಿ, ಮತ್ತೆ ಜೇಬಿಗೇ ಹೋಗುತ್ತದೆ.

ಕಟ್ಟಡದವರೆಲ್ಲ ಅವರನ್ನು ಚೆಕಿಂಗ್ ಸಾರ್ ಎಂದೇ ಕರೆಯುತ್ತಿದ್ದರು. ನಿವೃತ್ತಿಯಾಗಿ ಆರು ವರ್ಷವಾಗಿತ್ತು. ಆದರೆ ನಿವೃತ್ತಿಯಾಗಿದ್ದು ಕೆಲಸಕ್ಕೆ, ಕಣ್ಣಿಗಲ್ಲ. ಬೆಳಿಗ್ಗೆ ಬಾಗಿಲಿಗೆ ಬಂದ ಪತ್ರಿಕೆಯ ಮಡಿಕೆ ನೋಡಿ ಅದನ್ನು ತಮಗಿಂತ ಮೊದಲು ಯಾರಾದರೂ ಓದಿದ್ದಾರೆಯೇ ಎಂದು ಪರೀಕ್ಷಿಸುತ್ತಿದ್ದರು. ತಪಾಸಣೆಯಾದ ಟಿಕೆಟ್ಟಿಗೆ ತೂತು ಹಾಕುವ ಇಕ್ಕಳ ಈಗಲೂ ಪ್ಯಾಂಟಿನ ಬಲಜೇಬಿನಲ್ಲೇ ಇರುತ್ತಿತ್ತು. ಒಬ್ಬೊಬ್ಬ ಚೆಕರ್‌ನ ತೂತಿಗೆ ಒಂದೊಂದು ಆಕಾರ. ಇವರದು ಮೂರು ಮೂಲೆ. "ಅದನ್ನ ಡಿಪೋಗೆ ವಾಪಸ್ ಕೊಡ್ಲಿಲ್ವಾ?" ಎಂದು ಯಾರಾದರೂ ಕೇಳಿದರೆ, "ಕೊಟ್ಟಿದ್ದಾರೆ ಅಂತ ಅವರು ಬರ್ಕೊಂಡಿದ್ದಾರೆ. ಬರೆದಿದ್ದನ್ನ ಸುಳ್ಳು ಅನ್ನಕ್ಕೆ ನಾನ್ಯಾರು?" ಎನ್ನುತ್ತಿದ್ದರು. ಅವರು ಮಾಡುತ್ತಿದ್ದ ಜೋಕು ಅದೊಂದೇ.

ಮೂರನೆಯ ಮಹಡಿಯ ಮನೆ. ಅಡುಗೆಮನೆಯ ಹಿಂದೆ ಕಂಬಿ ಹಾಕಿದ ಉದ್ದನೆಯ ಬಾಲ್ಕನಿ, ಅದರ ಮೂಲೆಯಲ್ಲಿ ತಿರುಚಿಕೊಂಡು ಕೆಳಗಿಳಿಯುವ ಕಬ್ಬಿಣದ ಮೆಟ್ಟಿಲು, ಮೆಟ್ಟಿಲ ಮೇಲ್ತುದಿಯಲ್ಲಿ ಸೊಂಟದೆತ್ತರದ ಗೇಟು. ಆ ಬಾಲ್ಕನಿಯಲ್ಲಿ ಹೆಂಡತಿಯ ಜೆರೇನಿಯಂಗಳಿದ್ದವು. ಒಟ್ಟು ಹನ್ನೊಂದು. ಬಣ್ಣದ ಡಬ್ಬ, ಹಿಡಿ ಮುರಿದ ಬಕೆಟ್ಟು, ತಳ ಸುಟ್ಟ ಕುಕ್ಕರು, ನಡುನಡುವೆ ನಿಜವಾದ ಮಣ್ಣಿನ ಕುಂಡ. ಪ್ರತಿಯೊಂದರ ಕೆಳಗೂ ಒಂದು ತಟ್ಟೆ. ಗುಂಡಗಿನ ಎಲೆಗಳ ಮೇಲೆ ಕುದುರೆ ಲಾಳದಂಥ ಕಂದು ಪಟ್ಟಿ. ಎಲೆಯನ್ನು ಬೆರಳಲ್ಲಿ ಉಜ್ಜಿದರೆ ಮಳೆಗೆ ನೆನೆದ ತಾಮ್ರದಂಥ ಒಂದು ವಾಸನೆ. ಹೆಂಡತಿಯ ಕೈಯಲ್ಲಿ ಆ ವಾಸನೆ ಸದಾ ಇರುತ್ತಿತ್ತು, ಸೋಪಿಗೂ ಹೋಗುತ್ತಿರಲಿಲ್ಲ.

ಹನ್ನೊಂದರಲ್ಲಿ ಹತ್ತು ಗಿಡ ಅಂಗಡಿಯಲ್ಲಿ ಕೊಂಡಂಥವು. ಒಂದು ಮಾತ್ರ ಅವಳಿಗೆ 'ಅಪ್ಪನ ಗಿಡ.' ಹೂವು ಒಗೆದೊಗೆದು ಮಾಸಿದ ಕೆಂಪು ಬಟ್ಟೆಯ ಬಣ್ಣದ್ದು. ಆ ಬಣ್ಣ ಯಾವ ನರ್ಸರಿಯಲ್ಲೂ ಸಿಗುತ್ತಿರಲಿಲ್ಲ. ಸುಲಭಕ್ಕೆ ಬೇರು ಬಿಡುವ ಜಾತಿಯೂ ಅಲ್ಲ. ಹತ್ತು ತುಂಡು ನೆಟ್ಟರೆ ಒಂದು ಹಿಡಿಯುತ್ತಿತ್ತು.

ಆ ಗಿಡ ಮನೆಗೆ ಬಂದ ಕಥೆಯನ್ನು ಚೆಕಿಂಗ್ ಸಾರ್ ಯಾರಿಗೂ ಹೇಳುತ್ತಿರಲಿಲ್ಲ. ಹೆಂಡತಿ ಯಾರಿಗೂ ಹೇಳದೆ ಬಿಡುತ್ತಿರಲಿಲ್ಲ.

ಮದುವೆಯಾದ ಹೊಸತು. ಒಂದು ಮಧ್ಯಾಹ್ನ ಅವರು ಬಸ್ಸು ಹತ್ತಿದಾಗ ಮುಂದಿನಿಂದ ನಾಲ್ಕನೆಯ ಸೀಟಿನಲ್ಲಿ ಮಾವ ಕುಳಿತಿದ್ದರು. ತೊಡೆಯ ಮೇಲೆ ಒಂದು ತಗಡಿನ ಡಬ್ಬ, ಡಬ್ಬದಲ್ಲಿ ಗಿಡ. ಮಗಳಿಗೆಂದು ತರುತ್ತಿದ್ದರು. ಅಳಿಯನನ್ನು ನೋಡಿ ಮುಖ ಅರಳಿತು. ಅಳಿಯ ಮುಖ ನೋಡಲಿಲ್ಲ. "ಟಿಕೆಟ್" ಎಂದರು. ಮಾವ ಅಂಗಿಯ ಜೇಬು ನೋಡಿದರು, ಪ್ಯಾಂಟಿನ ಜೇಬು ನೋಡಿದರು, ಕನ್ನಡಕದ ಪೆಟ್ಟಿಗೆ ತೆರೆದು ನೋಡಿದರು. "ಇತ್ತಪ್ಪ, ಈಗ ತಾನೇ ಇತ್ತು..." ಬಸ್ಸಿನವರೆಲ್ಲ ನೋಡುತ್ತಿದ್ದರು. ಮಾವನನ್ನು ಬಿಟ್ಟರೆ ನಾಳೆಯಿಂದ ಎಲ್ಲರೂ ಮಾವನೇ ಆಗುತ್ತಾರೆ ಎಂದು ಅಳಿಯನಿಗೆ ಅನ್ನಿಸಿತು. ಸೀಟಿ ಊದಿ ಬಸ್ಸು ನಿಲ್ಲಿಸಿದರು. ಮಾವ ಡಬ್ಬವನ್ನು ಎದೆಗವಚಿಕೊಂಡು ಇಳಿದು, "ಬೇಜಾರು ಮಾಡ್ಕೋಬೇಡಿ ಅಳಿಯಂದಿರೇ, ಕಾನೂನು ಕಾನೂನೇ" ಎಂದು ಇವರಿಗೇ ಸಮಾಧಾನ ಹೇಳಿದರು. ಸುಡುಬಿಸಿಲಲ್ಲಿ ಎರಡು ಸ್ಟಾಪು ನಡೆದು ಮನೆಗೆ ಬಂದರು.

ಮೂರು ವಾರದ ನಂತರ ಹೆಂಡತಿ ಗಿಡವನ್ನು ಡಬ್ಬದಿಂದ ತೆಗೆದು ಕುಂಡಕ್ಕೆ ಹಾಕುವಾಗ, ತಗಡಿಗೂ ಮಣ್ಣಿಗೂ ನಡುವೆ ನಾಲ್ಕಾಗಿ ಮಡಿಸಿ ತುರುಕಿದ್ದ ಒಂದು ಟಿಕೆಟ್ ಸಿಕ್ಕಿತು. ಕಳೆದುಹೋಗದಿರಲಿ ಎಂದು ಮಾವ ಅಲ್ಲಿ ಇಟ್ಟಿದ್ದರು, ಇಟ್ಟಿದ್ದನ್ನು ಮರೆತಿದ್ದರು. ಹೆಂಡತಿ ಅದನ್ನು ಅಂಗೈ ಮೇಲಿಟ್ಟುಕೊಂಡು ಬಂದು ಗಂಡನ ಮುಂದೆ ಹಿಡಿದಳು. ಚೆಕರ್ ಟಿಕೆಟ್ಟನ್ನು ಹಿಂದೆ ಮುಂದೆ ತಿರುಗಿಸಿದರು.

"ತಾರೀಕು ಅಳಿಸಿದೆ. ಆ ದಿನದ್ದೇ ಅಂತ ಏನು ಗ್ಯಾರಂಟಿ? ಮೇಲಾಗಿ ಇದರಲ್ಲಿ ನನ್ನ ತೂತಿಲ್ಲ."

"ನೀವು ನೋಡಿದ್ರೆ ತಾನೇ ತೂತು ಬೀಳೋದು?" ಎಂದಳು ಹೆಂಡತಿ. ಟಿಕೆಟ್ಟನ್ನು ಬೀಜದ ಡಬ್ಬಿಯಲ್ಲಿ ಹಾಕಿಟ್ಟಳು. ಮತ್ತೆ ಆ ಮಾತು ಎತ್ತಲಿಲ್ಲ, ಕಥೆ ಹೇಳುವಾಗಲೂ ಬಸ್ಸಿನಿಂದ ಇಳಿಸಿದಲ್ಲಿಗೆ ನಿಲ್ಲಿಸಿಬಿಡುತ್ತಿದ್ದಳು. ಮಾವ ನಾಲ್ಕು ವರ್ಷ ಬದುಕಿದ್ದರು. ಅಷ್ಟು ದಿನವೂ ಬಸ್ಸು ಹತ್ತಿದರೆ ಟಿಕೆಟ್ಟನ್ನು ಕೊನೆಯವರೆಗೂ ಕೈಯಲ್ಲೇ ಹಿಡಿದಿರುತ್ತಿದ್ದರಂತೆ.

ಮೂವತ್ತೊಂದು ವರ್ಷ ಹಾಗೇ ಕಳೆಯಿತು. ಈ ಬೇಸಿಗೆಯ ಶುರುವಿನಲ್ಲಿ ಹೆಂಡತಿ ಒದ್ದೆ ಬಾಲ್ಕನಿಯಲ್ಲಿ ಜಾರಿ ಸೊಂಟದ ಮೂಳೆ ಮುರಿದುಕೊಂಡಳು. ಆಸ್ಪತ್ರೆಯಿಂದ ಬಿಟ್ಟ ಮೇಲೆ ಮೂರು ತಿಂಗಳು ಮೆಟ್ಟಿಲು ಹತ್ತಬಾರದು ಎಂದರು. ಬೇರೆ ಊರಿನಲ್ಲಿದ್ದ ಮಗಳದು ನೆಲಮಹಡಿಯ ಮನೆ, ಮೇಲಾಗಿ ಅವಳು ನರ್ಸು. ಅಲ್ಲಿಗೆ ಹೋಗುವುದೆಂದಾಯಿತು. ಕಾರು ಹತ್ತುವ ಮೊದಲು ಹೆಂಡತಿ ಗಂಡನಿಗೆ ಹೇಳಿದಳು:

"ದಿನಾ ನೀರು ಹಾಕ್ಬೇಡಿ. ಮಣ್ಣನ್ನ ಕೇಳಿ ಹಾಕಿ."

"ಮಣ್ಣು ಏನು ಹೇಳುತ್ತೆ?"

"ಬೆರಳಿಟ್ರೆ ಹೇಳುತ್ತೆ." ಆಮೇಲೆ ಮೂರನೆಯ ಮಹಡಿಯ ಕಡೆಗೆ ಕತ್ತೆತ್ತಿ, "ಹತ್ತು ಹೋದ್ರೆ ಹೋಗ್ಲಿ ರೀ. ಅಪ್ಪನ ಗಿಡ ಒಂದು ಇರ್ಲಿ. ನಾನು ಬರೋ ಹೊತ್ತಿಗೆ ಅದು ಇರ್ಬೇಕು" ಎಂದಳು.

ಆ ಮಾತಿನ ಭಾರ ಚೆಕಿಂಗ್ ಸಾರ್‌ಗೆ ಗೊತ್ತಾಗದೆ ಇರಲಿಲ್ಲ. ಮಾವನನ್ನು ಇಳಿಸಿದ ಹಾಗೆ ಗಿಡವನ್ನೂ ದಾರಿಯಲ್ಲಿ ಇಳಿಸಬೇಡಿ ಎಂದು ಅದರ ಅರ್ಥ.

ಅವರು ಕೆಲಸವನ್ನು ಕೆಲಸದ ಹಾಗೇ ಹಿಡಿದರು. ಮಣ್ಣನ್ನು ಕೇಳುವುದು ಅವರಿಗೆ ಸರಿಬರಲಿಲ್ಲ. ಬಾಯಿಲ್ಲದ ಸಾಕ್ಷಿಯನ್ನು ನಂಬುವುದು ಹೇಗೆ? ಬದಲಿಗೆ ಒಂದು ಟೈಮ್‌ಟೇಬಲ್ ಬರೆದು ಅಡುಗೆಮನೆಯ ಗೋಡೆಗೆ ಅಂಟಿಸಿದರು. ಬೆಳಿಗ್ಗೆ ಏಳಕ್ಕೆ ಕುಂಡಕ್ಕೊಂದು ಚೊಂಬು, ಸಂಜೆ ಆರೂವರೆಗೆ ಕುಂಡಕ್ಕೊಂದು ಚೊಂಬು. ಅಪ್ಪನ ಗಿಡಕ್ಕೆ, ಮರ್ಯಾದೆಗೆ, ಎರಡು. ಪ್ರತಿ ಮಧ್ಯಾಹ್ನ ಹೆಂಡತಿಗೆ ಫೋನಿನಲ್ಲಿ ವರದಿ. "ಜಾಸ್ತಿ ಆಯ್ತು ರೀ, ಕಮ್ಮಿ ಹಾಕಿ" ಎಂದು ಅವಳು ಅಂದರೆ, "ಬೇಸಿಗೆ ಕಣೇ, ಬಾಯಾರುತ್ತೆ" ಎನ್ನುವರು. ಇನ್ನೊಬ್ಬರಿಗೆ ನೀರು ಕುಡಿಸುವುದು ಯಾವ ಲೋಕದಲ್ಲಿ ತಪ್ಪು?

ಮೊದಲನೆಯ ವಾರವೇ ಕೆಳಗಿನಿಂದ ಕೂಗು ಬಂತು. ಎರಡನೆಯ ಮಹಡಿಯಲ್ಲಿ ಇಸ್ತ್ರಿ ಅಕ್ಕ ಇದ್ದಳು. ಬೀದಿಯ ವಸತಿಗೃಹಗಳ ಹೊದಿಕೆಗಳನ್ನೆಲ್ಲ ಒಗೆದು ಇಸ್ತ್ರಿ ಮಾಡಿ ಕೊಡುವ ಕೆಲಸ. ಐವತ್ತು ದಾಟಿದ ಹೆಂಗಸು, ತೋಳು ಇಸ್ತ್ರಿಪೆಟ್ಟಿಗೆಯಷ್ಟೇ ಗಟ್ಟಿ, ನಾಲಿಗೆ ಅಷ್ಟೇ ಬಿಸಿ.

"ಸಾರ್! ನಿಮ್ಮ ಗಿಡ ನನ್ನ ಬಿಳಿ ಬಟ್ಟೆ ಮೇಲೆ ಉಚ್ಚೆ ಹೊಯ್ತಿದೆ!"

"ಏನ್ ಮಾಡ್ಲಮ್ಮ, ಗಿಡಕ್ಕೆ ಚಡ್ಡಿ ಹಾಕ್ಲಾ?"

"ಗಿಡಕ್ಯಾಕೆ ಸಾರ್, ಚೊಂಬಿಗೆ ಹಾಕಿ!"

ಕಟ್ಟಡ ಪೂರ್ತಿ ನಕ್ಕಿತು. ಚೆಕಿಂಗ್ ಸಾರ್ ಒಳಗೆ ಬಂದು ಬಾಗಿಲು ಹಾಕಿಕೊಂಡರು. ಅವಮಾನ ಒಂದು ಕಡೆ ಇರಲಿ, ಆ ದಿನ ಅವರ ತಲೆಯೊಳಗಿನ ಪುಸ್ತಕದಲ್ಲಿ ಇಸ್ತ್ರಿ ಅಕ್ಕನ ಹೆಸರಿಗೆ ಒಂದು ಗೆರೆ ಬಿತ್ತು.

ಮೂರನೆಯ ವಾರದ ಒಂದು ಸಂಜೆ ಅಪ್ಪನ ಗಿಡದ ಒಂದು ಕೊಂಬೆಗೆ ತುದಿ ಇರಲಿಲ್ಲ.

ಮೊದಲು ಗಾಳಿ ಅಂದುಕೊಂಡರು. ಗಾಳಿ ಮುರಿದರೆ ತುಂಡು ಅಲ್ಲೇ ಬಿದ್ದಿರಬೇಕು. ಬಿದ್ದಿರಲಿಲ್ಲ. ಕನ್ನಡಕ ಹಾಕಿಕೊಂಡು ನೋಡಿದರು. ಉಗುರಿನಲ್ಲಿ ಚಿವುಟಿದ ಹಾಗೆ ಕ್ಲೀನಾಗಿತ್ತು. ನಾಲ್ಕು ದಿನಕ್ಕೆ ಅದೇ ಗಿಡದ ಇನ್ನೊಂದು ತುದಿಯೂ ಪಕ್ಕದ ಎರಡು ಗಿಡದ ತುದಿಯೂ ಹೋದವು. ಬಾಡಿದ ಹೂಗೊಂಚಲುಗಳೂ ಕಾಣೆಯಾದವು. ಬಾಡಿದ್ದನ್ನು ಕದಿಯುವ ಕಳ್ಳ ಯಾರು? ಅದಕ್ಕಿಂತ ವಿಚಿತ್ರವೆಂದರೆ ತಟ್ಟೆಗಳು. ಬೆಳಿಗ್ಗೆ ತುಳುಕುವಷ್ಟು ನೀರು ನಿಂತಿದ್ದ ತಟ್ಟೆಗಳು ಸಂಜೆ ಒರೆಸಿಟ್ಟ ಹಾಗೆ ಒಣಗಿರುತ್ತಿದ್ದವು. ಉಪ್ಪು ತಿಂದವನು ನೀರು ಕುಡಿಯಲೇಬೇಕು ಎನ್ನುತ್ತಾರೆ. ಇಲ್ಲಿ ನೀರು ಕುಡಿದವರು ಯಾರೋ ಇದ್ದರು. ತಿಂದಿದ್ದೇನು ಎಂದು ಪತ್ತೆ ಮಾಡಬೇಕಿತ್ತು.

ತನಿಖೆ ಮೇಲಿನಿಂದ ಶುರುವಾಯಿತು. ತಾರಸಿಯಲ್ಲಿ ಪಾರಿವಾಳ ಸಾಕಿದ್ದ ಮುದುಕನ ಬಳಿಗೆ ಹೋದರು.

"ನಿಮ್ಮ ಪಾರಿವಾಳ ಎಲೆ ತಿನ್ನುತ್ವಾ?"

"ಕಾಳು ಹಾಕಿದ್ರೆ ಕಾಳು ತಿನ್ನುತ್ವೆ."

"ನಾನು ಕೇಳಿದ್ದು ಎಲೆ."

"ಸಾರ್, ಅವಕ್ಕೆ ನಿಮ್ಮ ಗಿಡದ ವಾಸನೆ ಕಂಡ್ರಾಗಲ್ಲ. ಅನುಮಾನ ಇದ್ರೆ ಒಂದೊಂದರದ್ದೂ ಟಿಕೆಟ್ ಚೆಕ್ ಮಾಡ್ಕೊಳ್ಳಿ."

ಪಾರಿವಾಳಗಳನ್ನು ಸದ್ಯಕ್ಕೆ ಬಿಟ್ಟರು, ಪೂರ್ತಿಯಾಗಿ ಬಿಡಲಿಲ್ಲ.

ಅವರಿಗೆ ಒಂದು ಅಭ್ಯಾಸವಿತ್ತು. ಸಂಜೆ ನಾಲ್ಕರಿಂದ ಆರರವರೆಗೆ ಹಳೆಯ ಡಿಪೋ ತನಕ ನಡೆದು ಹೋಗಿ, ಗೇಟಿನಲ್ಲಿ ನಿಂತು, ಬಸ್ಸುಗಳು ಸಮಯಕ್ಕೆ ಸರಿಯಾಗಿ ಹೊರಡುತ್ತವೆಯೇ ಎಂದು ನೋಡಿಬರುವುದು. ಯಾರೂ ಕೇಳಿರಲಿಲ್ಲ, ಯಾರೂ ಬೇಡವೆಂದಿರಲೂ ಇಲ್ಲ. ಒಂದು ದಿನ ಆ ಅಭ್ಯಾಸ ಮುರಿದು ಮನೆಯಲ್ಲೇ ಕುಳಿತು ಅಡುಗೆಮನೆಯ ಕಿಟಕಿಯ ಸಂದಿಯಿಂದ ಕಾದರು. ಯಾರೂ ಬರಲಿಲ್ಲ. ಮರುದಿನ ನಡೆಯಲು ಹೋದರು, ಬಂದು ನೋಡಿದರೆ ತಟ್ಟೆ ಒಣಗಿತ್ತು, ಅಪ್ಪನ ಗಿಡದ ಮತ್ತೊಂದು ತುದಿ ಹೋಗಿತ್ತು. ಅಂದರೆ ಕಳ್ಳನಿಗೆ ಇವರ ಹೆಜ್ಜೆಯ ಸದ್ದು ಗೊತ್ತು. ಇವರ ಹೆಜ್ಜೆಯ ಸದ್ದು ಗೊತ್ತಿರಬೇಕಾದರೆ ಇವರ ಹೆಜ್ಜೆಯ ಕೆಳಗೇ ಇರಬೇಕು.

ಮರುದಿನ ನಡೆಯಲು ಹೋಗುವ ಮೊದಲು ಹೆಂಡತಿಯ ಮುಖದ ಪೌಡರನ್ನು ಕಬ್ಬಿಣದ ಮೆಟ್ಟಿಲ ಮೇಲಿನ ಮೂರು ಮೆಟ್ಟಿಲುಗಳಿಗೆ ತೆಳ್ಳಗೆ ಉದುರಿಸಿದರು. ಹೆಜ್ಜೆಗುರುತು ಬಿದ್ದರೆ ಅಳತೆ ಸಿಗುತ್ತದೆ. ಆರಕ್ಕೆ ಬಂದು ನೋಡಿದರು. ಹೆಜ್ಜೆಗುರುತಿರಲಿಲ್ಲ. ಪೌಡರೂ ಇರಲಿಲ್ಲ. ಮೂರು ಮೆಟ್ಟಿಲನ್ನೂ ಒದ್ದೆ ಬಟ್ಟೆಯಲ್ಲಿ ಒರೆಸಲಾಗಿತ್ತು.

ಚೆಕಿಂಗ್ ಸಾರ್‌ಗೆ ಇಡೀ ನೌಕರಿಯಲ್ಲಿ ಇಂಥ ಆಸಾಮಿ ಸಿಕ್ಕಿರಲಿಲ್ಲ. ಬಂದು, ಚಿವುಟಿ, ಒರೆಸಿ ಹೋಗುವವಳು! ಅಷ್ಟು ಹೊತ್ತಿಗೆ ಅವರ ಮನಸ್ಸಿನಲ್ಲಿ ಅದು 'ಅವಳು' ಆಗಿಹೋಗಿತ್ತು. ಮೆಟ್ಟಿಲಲ್ಲಿ ಎದುರಾದಾಗ ಇಸ್ತ್ರಿ ಅಕ್ಕ, "ಅಕ್ಕಾವ್ರು ಹೇಗಿದಾರೆ ಸಾರ್? ಗಿಡ ಎಲ್ಲ ಚೆನ್ನಾಗಿದ್ಯಾ?" ಎಂದು ಕೇಳುತ್ತಿದ್ದಳು. ಮಗುವನ್ನು ಚಿವುಟುವುದೂ ತಾನೇ, ತೊಟ್ಟಿಲು ತೂಗುವುದೂ ತಾನೇ. ಅವರು ಅವಳ ಕೈ ನೋಡುತ್ತಿದ್ದರು. ಆ ಕೈ ಸುಮ್ಮನೆ ಕಂಬಿ ಹಿಡಿದುಕೊಂಡಿರುತ್ತಿತ್ತು. ಅದು ಅವರ ಲೆಕ್ಕಕ್ಕೆ ಕೂಡುತ್ತಿರಲಿಲ್ಲ. ಕೂಡದ್ದನ್ನು ಅವರು ಬದಿಗಿಟ್ಟರು.

ಆಗ ಅವರಿಗೆ ಇಕ್ಕಳದ ನೆನಪಾಯಿತು.

ಒಂದು ಭಾನುವಾರ ಬೆಳಿಗ್ಗೆ ಹನ್ನೊಂದು ಗಿಡದ ಒಂದೊಂದು ಕೊಂಬೆಯ ತುದಿಯ ಬಳಿಯಿರುವ ಒಂದೊಂದು ಎಲೆಗೂ ತೂತು ಹಾಕಿದರು. ಟಕ್, ಟಕ್, ಟಕ್. ಆರು ವರ್ಷದಿಂದ ಸುಮ್ಮನಿದ್ದ ಕೈಗೆ ಆ ಸದ್ದು ಎಷ್ಟು ಹಿತವಾಯಿತೆಂದರೆ, ಬೇಕಿಲ್ಲದ ನಾಲ್ಕೈದು ಎಲೆಗೂ ಹಾಕಿದರು. ಹಸಿರು ತ್ರಿಕೋನಗಳು ನೆಲದ ಮೇಲೆ ಬಿದ್ದವು. ಇನ್ನು ಈ ಗಿಡದ ತುಂಡು ಊರಿನ ಯಾವ ಮೂಲೆಗೆ ಹೋದರೂ ಅದು ತಮ್ಮದೆಂದು ಸಾಬೀತು ಮಾಡಬಹುದು.

ಎರಡು ದಿನದ ನಂತರ ಅಪ್ಪನ ಗಿಡದಿಂದ ಒಂದಲ್ಲ, ಮೂರು ತುದಿ ಒಟ್ಟಿಗೆ ಹೋದವು, ತೂತಿನ ಎಲೆಯ ಸಮೇತ. ಗೇಣುದ್ದದ ತುಂಡುಗಳು. ಚೆಕಿಂಗ್ ಸಾರ್ ಅಂಗಡಿಗೆ ಹೋಗಿ ದೊಡ್ಡದೊಂದು ಬೀಗ ತಂದು ಗೇಟಿಗೆ ಜಡಿದರು. ಕೀಲಿಯನ್ನು ಇಕ್ಕಳದ ಜೊತೆಗೆ ಬಲಜೇಬಿಗೆ ಹಾಕಿಕೊಂಡರು.

ಆ ರಾತ್ರಿ ಚೆನ್ನಾಗಿ ನಿದ್ದೆ ಬಂತು. ಒಂದು ವಾರ ಯಾವ ತುದಿಯೂ ಹೋಗಲಿಲ್ಲ. ತಟ್ಟೆಗಳು ಬೆಳಿಗ್ಗೆಯೂ ತುಂಬಿದ್ದವು, ಸಂಜೆಯೂ ತುಂಬಿದ್ದವು. ಅವರು ಡಿಪೋ ಗೇಟಿನಲ್ಲಿ ಹಳೆಯ ಡ್ರೈವರ್ ಒಬ್ಬನಿಗೆ ಹೆಮ್ಮೆಯಿಂದ ಹೇಳಿದರು: "ಕಳ್ಳತನ ನಿಲ್ಲಿಸೋದು ಕಷ್ಟ ಅಲ್ಲಯ್ಯ. ಬಾಗಿಲು ಯಾವುದು ಅಂತ ಗೊತ್ತಾಗ್ಬೇಕು."

ಎಂಟನೆಯ ದಿನ ಅಪ್ಪನ ಗಿಡದ ಕೆಳಗಿನ ಎಲೆಗಳು ಹಳದಿಯಾದವು. ಬಾಯಾರಿಕೆ ಎಂದು ಇನ್ನೊಂದು ಚೊಂಬು ಹಾಕಿದರು. ಒಂಬತ್ತನೆಯ ದಿನ ಇನ್ನಷ್ಟು ಹಳದಿಯಾಯಿತು. ಇನ್ನೊಂದು ಚೊಂಬು. ಗೇಟಿನ ಸಂದಿಯಿಂದ ಏನಾದರೂ ಔಷಧಿ ಎರಚಿದ್ದಾಳೆಯೇ ಎಂದು ಬಗ್ಗಿ ಮಣ್ಣನ್ನು ಮೂಸಿ ನೋಡಿದರು. ಹುಳಿತ ವಾಸನೆ. ಕಾಮಾಲೆ ಕಣ್ಣಿಗೆ ಕಂಡದ್ದೆಲ್ಲ ಹಳದಿ ಎನ್ನುತ್ತಾರೆ. ಆದರೆ ಎಲೆಗಳು ನಿಜವಾಗಿಯೂ ಹಳದಿಯಾಗಿದ್ದವು, ಅದು ಬೇರೆ ಮಾತು.

ಆ ಮಧ್ಯಾಹ್ನ ಫೋನಿನಲ್ಲಿ ಹೆಂಡತಿ ಊಟ ಆಯ್ತಾ ಎಂದು ಕೇಳಿ, "ಹಿಂದಿನ ಗೇಟಿಗೆ ಬೀಗ ಹಾಕಿದೀರಾ?" ಎಂದಳು.

ಚೆಕಿಂಗ್ ಸಾರ್ ಫೋನನ್ನು ಕಿವಿಯಿಂದ ತೆಗೆದು ಒಮ್ಮೆ ನೋಡಿ ಮತ್ತೆ ಕಿವಿಗಿಟ್ಟುಕೊಂಡರು.

"ನಿನಗೆ ಯಾರು ಹೇಳಿದ್ದು?"

"ಯಾರೂ ಇಲ್ಲ. ಸುಮ್ನೆ ಕೇಳ್ದೆ."

"ಮೂವತ್ತೊಂದು ವರ್ಷದಲ್ಲಿ ಆ ಗೇಟಿಗೆ ಬೀಗ ಇರಲಿಲ್ಲ. ಸುಮ್ನೆ ಯಾಕೆ ಬರುತ್ತೆ ಆ ಪ್ರಶ್ನೆ?"

"ತೆಗೆದುಬಿಡಿ ರೀ. ಗಾಳಿ ಆಡ್ಲಿ."

"ಗಾಳಿ ಬೀಗದ ಮೇಲೆ ಹೋಗಲ್ವಾ?"

ಅವಳು ಮಗಳು ಕರೀತಿದಾಳೆ ಎಂದು ಫೋನಿಟ್ಟಳು. ನಲವತ್ತು ಮೈಲಿ ದೂರದಲ್ಲಿ ಹಾಸಿಗೆ ಹಿಡಿದವಳಿಗೆ ಇಲ್ಲಿನ ಬೀಗದ ಸುದ್ದಿ ಹೋಗುತ್ತದೆ. ಯಾರೋ ಹೇಳುತ್ತಿದ್ದಾರೆ. ಅವಳು ಮುಚ್ಚಿಡುತ್ತಿದ್ದಾಳೆ. ಮನೆಯೊಳಗಿನ ಒಂದೊಂದು ವಸ್ತುವೂ ಈಗ ಇನ್ನಾರದೋ ಕಡೆಯದಂತೆ ಕಂಡಿತು. ಗೋಡೆಗೆ ಅಂಟಿಸಿದ ಟೈಮ್‌ಟೇಬಲ್ ಕೂಡ ಅವರನ್ನು ನೋಡಿ ಒಳಗೊಳಗೇ ನಗುತ್ತಿರುವ ಹಾಗಿತ್ತು.

ಮರುದಿನ ಅವರು ಒಂದು ಬಿಳಿ ಅಂಗಿ ತೆಗೆದು, ಚೆನ್ನಾಗಿಯೇ ಇದ್ದ ಇಸ್ತ್ರಿಯನ್ನು ಕೈಯಾರೆ ಮುದುರಿ, ಹಿಡಿದುಕೊಂಡು ಎರಡನೆಯ ಮಹಡಿಗೆ ಇಳಿದರು. ಇಷ್ಟು ವರ್ಷದಲ್ಲಿ ಆ ಮನೆಯ ಬಾಗಿಲು ತಟ್ಟಿದ್ದು ಅದೇ ಮೊದಲು. ಇಸ್ತ್ರಿ ಅಕ್ಕ ಬಾಗಿಲು ತೆಗೆದಳು. ಒಳಗೆ ಉಗಿ, ಬಿಸಿ ಹತ್ತಿಯ ವಾಸನೆ, ಎದೆಯೆತ್ತರ ಮಡಿಸಿಟ್ಟ ಬಿಳಿ ಹೊದಿಕೆಗಳು. ಹೊದಿಕೆಗಳ ಆಚೆ ಕಿಟಕಿ. ಕಿಟಕಿಯ ಕಟ್ಟೆಯ ಮೇಲೆ ಸಾಲಾಗಿ ಆರು ಟೀ ಲೋಟ, ಲೋಟದಲ್ಲಿ ಮರಳು ಬೆರೆತ ಮಣ್ಣು, ಮಣ್ಣಿನಲ್ಲಿ ಒಂದೊಂದು ತುಂಡು ಜೆರೇನಿಯಂ.

ಮೂರನೆಯ ಲೋಟದ ಗಿಡದ ಎಲೆಯಲ್ಲಿ ಮೂರು ಮೂಲೆಯ ತೂತಿತ್ತು. ಅದರ ಮೂಲಕ ಹಿಂದಿನ ಆಕಾಶ ಕಾಣುತ್ತಿತ್ತು.

ಮೂವತ್ತನಾಲ್ಕು ವರ್ಷದ ಗಂಟಲು ತಾನಾಗಿಯೇ ತೆರೆಯಿತು. "ಟಿಕೆಟ್!"

"ಏನು ಸಾರ್?"

"ಅದು. ಆ ಎಲೆ. ಆ ತೂತು ನನ್ನದು." ಅವರು ಇಕ್ಕಳ ತೆಗೆದು ಅವಳ ಮುಖದೆದುರು ಹಿಡಿದರು. "ಸಿಕ್ಕಿಬಿದ್ದೆ ನೋಡು."

ಇಸ್ತ್ರಿ ಅಕ್ಕ ಇಕ್ಕಳ ನೋಡಿದಳು, ಎಲೆ ನೋಡಿದಳು. ಸೊಂಟದ ಮೇಲೆ ಕೈಯಿಟ್ಟುಕೊಂಡಳು.

"ಅಯ್ಯೋ ಶಿವನೇ, ಇದು ನೀವು ಮಾಡಿದ್ದಾ! ನಾನು ಹುಳ ಅಂದ್ಕೊಂಡು ಮೂರು ದಿನ ಬೇವಿನೆಣ್ಣೆ ಸವರಿದೀನಿ. ಯಾವ ಹುಳ ಸ್ಕೇಲ್ ಇಟ್ಟು ಕೊರೆಯುತ್ತೆ ಅಂತ ಅಕ್ಕಾವ್ರಿಗೆ ಫೋನ್ ಮಾಡಿ ಕೇಳ್ದೆ. ಅವರು ಅಷ್ಟು ನಕ್ರು, ನಕ್ಕು ಸೊಂಟ ನೋವು ಬಂತು ಅಂದ್ರು. ಯಾಕೆ ಅಂತ ಮಾತ್ರ ಹೇಳ್ಲಿಲ್ಲ."

"ಅಕ್ಕಾವ್ರು ಅಂದ್ರೆ?"

"ನಿಮ್ಮನೆಯವರು ಸಾರ್. ಇನ್ಯಾರು?"

ಚೆಕಿಂಗ್ ಸಾರ್ ಅವರ ಇಕ್ಕಳ ನಿಧಾನವಾಗಿ ಕೆಳಗಿಳಿಯಿತು. ಇಸ್ತ್ರಿ ಅಕ್ಕ ಪೆಟ್ಟಿಗೆಯ ಸ್ವಿಚ್ ಆರಿಸಿದಳು. "ಬನ್ನಿ, ಮೇಲೆ ಹೋಗಿ ಮಾತಾಡಣ. ಕೀಲಿ ತಂದಿದೀರಾ? ಹತ್ತು ದಿನದಿಂದ ಆ ಗೇಟಿನ ಹತ್ರ ನಿಂತು ನಿಂತು ವಾಪಸ್ ಬಂದಿದೀನಿ."

ಕಬ್ಬಿಣದ ಮೆಟ್ಟಿಲು ಹತ್ತುತ್ತಾ ಅವಳು ಹೇಳಿದ್ದಿಷ್ಟು. ಇವರು ನೌಕರಿಯಲ್ಲಿದ್ದ ಕಾಲದಿಂದಲೂ, ಆಮೇಲೆ ಇವರು ನಡೆಯಲು ಹೋಗುವ ನಾಲ್ಕರಿಂದ ಆರರ ಹೊತ್ತಿನಲ್ಲೂ, ಇಬ್ಬರು ಹೆಂಗಸರೂ ಆ ಬಾಲ್ಕನಿಯಲ್ಲಿ ಕುಳಿತು ಟೀ ಕುಡಿಯುತ್ತಿದ್ದರು. ಜೆರೇನಿಯಂನ ತುದಿ ಚಿವುಟಿದರೆ ಪಕ್ಕದಲ್ಲಿ ಕವಲೊಡೆದು ಪೊದೆಯಾಗುತ್ತದೆ, ಬಾಡಿದ ಗೊಂಚಲನ್ನು ಬುಡದಿಂದ ಮುರಿದರೆ ಹೊಸ ಮೊಗ್ಗು ಬರುತ್ತದೆ, ತಟ್ಟೆಯಲ್ಲಿ ನೀರು ನಿಂತರೆ ಬೇರು ಕೊಳೆಯುತ್ತದೆ. ಇದನ್ನೆಲ್ಲ ಅಕ್ಕಾವ್ರೇ ಕಲಿಸಿದ್ದು. ಫೋನಿನಲ್ಲಿ ಚೊಂಬಿನ ವರದಿ ಕೇಳಿ ಕೇಳಿ ಅಕ್ಕಾವ್ರಿಗೆ ಎದೆ ಒಡೆದಿತ್ತು. ನಮ್ಮನೆಯವರು ಇಲ್ಲದಾಗ ಹೋಗಿ ತಟ್ಟೆ ಬಗ್ಗಿಸಿ ಬಾ, ಅವರಿಗೆ ಗೊತ್ತಾಗೋದು ಬೇಡ, ಇಷ್ಟು ಆಸೆಯಿಂದ ನೋಡ್ಕೋತಿದಾರೆ, ಬೇಜಾರಾಗುತ್ತೆ ಎಂದಿದ್ದರು.

"ಆ ಪೌಡರು?" ಎಂದು ಕೇಳಿದರು ಚೆಕಿಂಗ್ ಸಾರ್, ಏದುಸಿರಿನ ನಡುವೆ.

"ಓ, ಅದೂ ನಿಮ್ಮದೇನಾ? ಯಾರೋ ಚೆಲ್ಲಿದಾರೆ, ಜಾರಿ ಬಿದ್ರೆ ಇನ್ನೊಂದು ಸೊಂಟ ಹೋಗುತ್ತೆ ಅಂತ ಒರೆಸ್ದೆ."

ಅವರು ಬೀಗ ತೆಗೆದರು. ಇಸ್ತ್ರಿ ಅಕ್ಕ ನೇರವಾಗಿ ಅಪ್ಪನ ಗಿಡದ ಮುಂದೆ ಕುಕ್ಕರಗಾಲಲ್ಲಿ ಕುಳಿತಳು. ಎರಡು ಬೆರಳಿನಲ್ಲಿ ಕಾಂಡವನ್ನು ಬುಡದ ಹತ್ತಿರ ಹಿಡಿದಳು. ಅದು ಕಪ್ಪಾಗಿತ್ತು, ನೆನೆದ ಕಾಗದದ ಹಾಗೆ ಮೆತ್ತಗಾಗಿತ್ತು. ಎಳೆಯಲಿಲ್ಲ, ಮುಟ್ಟಿದಳು ಅಷ್ಟೇ. ಗಿಡ ಅವಳ ಕೈಯೊಳಕ್ಕೆ ವಾಲಿಬಿಟ್ಟಿತು.

"ಹತ್ತು ದಿನ ಮೊದಲೇ ಬುಡದಲ್ಲಿ ಒಂಚೂರು ಕಪ್ಪು ಕಂಡಿತ್ತು. ಅದಕ್ಕೇ ಅವತ್ತು ಮೂರು ತುಂಡು ತಗೊಂಡಿದ್ದು. ಅದಕ್ಕೂ ಮೊದಲು ಮೂರು ಹಾಕಿದ್ದೆ, ಯಾವುದಕ್ಕೂ ಇರ್ಲಿ ಅಂತ. ಇದನ್ನೂ ಒಣಗಿಸಿ ಉಳಿಸ್ಬೋದು ಅಂದ್ಕೊಂಡಿದ್ದೆ. ಮರುದಿನ ಬಂದ್ರೆ ಬೀಗ."

ಅವಳ ದನಿಯಲ್ಲಿ ಬೈಗುಳವಿರಲಿಲ್ಲ. ಇದ್ದಿದ್ದರೆ ಸುಲಭವಾಗುತ್ತಿತ್ತು. ಚೆಕಿಂಗ್ ಸಾರ್ ಅವಳ ಕೈ ನೋಡಿದರು. ಸುಟ್ಟ ಕಲೆಗಳ ಆ ಒರಟು ಕೈ ಸತ್ತ ಗಿಡವನ್ನು ಸುಮ್ಮನೆ ಹಿಡಿದುಕೊಂಡಿತ್ತು, ಕಂಬ ಹಿಡಿದುಕೊಂಡ ಹಾಗೆ. ಮೆಟ್ಟಿಲಲ್ಲಿ ಎದುರಾದಾಗಲೆಲ್ಲ ಆ ಕೈ ಹೇಳಿದ್ದು ಇದನ್ನೇ. ಓದಲು ಬರುತ್ತಿದ್ದದ್ದನ್ನು ಅವರು ಓದಿರಲಿಲ್ಲ.

"ಆ ಆರರಲ್ಲಿ ಎಷ್ಟು ಉಳಿಯುತ್ತೆ?" ಎಂದು ಕೇಳಿದರು.

"ಈ ಜಾತಿ ಹಟಮಾರಿ ಸಾರ್. ಒಂದು ಹಿಡಿದ್ರೆ ಪುಣ್ಯ."

ಅಂದು ಫೋನಿನಲ್ಲಿ ಅವರೇ ಎಲ್ಲ ಹೇಳಿದರು. ಬೀಗ, ಪೌಡರು, ಇಕ್ಕಳ, ಕೊನೆಗೆ ಗಿಡ. "ಅವಳ ಹತ್ರ ಏನಾದ್ರೂ ಕೂಗಾಡಿದ್ರಾ?" ಎಂದಳು ಹೆಂಡತಿ. "ಟಿಕೆಟ್ ಕೇಳ್ದೆ" ಎಂದರು. ಅವಳು ನಗಲಿಲ್ಲ.

ಆಮೇಲಿನ ಐದು ವಾರ ಚೆಕಿಂಗ್ ಸಾರ್ ದಿನಾ ನಾಲ್ಕು ಗಂಟೆಗೆ ಡಿಪೋಗೆ ಹೋಗುವ ಬದಲು ಒಂದು ಮಹಡಿ ಇಳಿದರು. ಟೈಮ್‌ಟೇಬಲ್ ಹರಿದು ಹಾಕಿದರು. ತೋರುಬೆರಳನ್ನು ಎರಡನೆಯ ಗೆಣ್ಣಿನ ತನಕ ಮಣ್ಣಿಗೆ ಇಳಿಸುವುದನ್ನು ಇಸ್ತ್ರಿ ಅಕ್ಕ ಕಲಿಸಿದಳು. ಮಣ್ಣು ಬೆರಳಿಗೆ ಅಂಟಿದರೆ ಬೇಡ, ಉದುರಿದರೆ ಬೇಕು. ಅಷ್ಟು ಸಣ್ಣ ಮಾತನ್ನು ಕೇಳಲು ಅವರಿಗೆ ಮೂವತ್ತೊಂದು ವರ್ಷ ಬೇಕಾಗಿತ್ತು. ಮೊದಲ ದಿನವೇ "ಇದು ನಿಜ ಹೇಳ್ತಿದ್ಯೋ ಇಲ್ವೋ" ಎಂದು ಇನ್ನೊಂದು ಬೆರಳನ್ನೂ ಇಳಿಸಿ ನೋಡಿದ್ದಕ್ಕೆ ಅವಳು, "ಸಾರ್, ಮಣ್ಣಿಗೂ ಕ್ರಾಸ್ ಚೆಕಿಂಗಾ?" ಎಂದು ಅಣಕಿಸಿದಳು. ಲೋಟಗಳಲ್ಲಿ ಮೊದಲು ಎರಡು ಬಾಡಿದವು, ಆಮೇಲೆ ಇನ್ನೆರಡು. ಐದನೆಯದು ಹೋದ ದಿನ ಅವರು ಹೆಂಡತಿಗೆ ಫೋನ್ ಮಾಡಲಿಲ್ಲ.

ಮೂರನೆಯ ಲೋಟದ್ದು ಉಳಿಯಿತು. ತೂತಿನ ಎಲೆ ಅಂಚು ಕಂದಾಗಿ ಹಾಗೇ ಇತ್ತು. ಅದರ ಪಕ್ಕದಲ್ಲಿ ಒಂದು ದಿನ ಉಗುರಿನಷ್ಟು ಹೊಸ ಎಲೆ, ತೂತಿಲ್ಲದ್ದು, ಮಡಿಕೆ ಬಿಚ್ಚಿತು.

ಹೆಂಡತಿ ಬರುವ ದಿನ ಬೆಳಿಗ್ಗೆ ಚೆಕಿಂಗ್ ಸಾರ್ ಬೀಜದ ಡಬ್ಬಿ ತೆರೆದರು. ಯಾರದೋ ಮನೆಯ ಡಬ್ಬಿ ತೆರೆದ ಹಾಗೆ ಒಮ್ಮೆ ಬಾಗಿಲ ಕಡೆ ನೋಡಿಕೊಂಡರು. ಪೊಟ್ಟಣಗಳ ತಳದಲ್ಲಿ ಅದಿತ್ತು, ಮಾಸಿ, ಮಡಿಕೆಗಳಲ್ಲಿ ಸವೆದು, ಮಣ್ಣಿನ ಬಣ್ಣಕ್ಕೆ ತಿರುಗಿದ ಟಿಕೆಟ್. ಕಿಟಕಿಯ ಬೆಳಕಿಗೆ ಹಿಡಿದು ನೋಡಿದರು. ತಾರೀಕು ಅಂದೂ ಅಳಿಸಿತ್ತು, ಇಂದೂ ಅಳಿಸಿತ್ತು. ಹೊಸದಾಗಿ ಗೊತ್ತಾಗುವಂಥದ್ದು ಅದರಲ್ಲಿ ಏನೂ ಇರಲಿಲ್ಲ. ಜೇಬಿನಿಂದ ಇಕ್ಕಳ ತೆಗೆದರು.

ಮಧ್ಯಾಹ್ನ ಹೆಂಡತಿ ಕೋಲೂರಿಕೊಂಡು ಒಂದೊಂದೇ ಮೆಟ್ಟಿಲು ಹತ್ತಿ ಬಂದಳು. ಒಂದು ಕಡೆ ಮಗಳು, ಇನ್ನೊಂದು ಕಡೆ ಇಸ್ತ್ರಿ ಅಕ್ಕ. ಮಗಳು ಅಡುಗೆಮನೆಗೆ ಹೋಗಿ ಟೀಗೆ ನೀರಿಟ್ಟಳು. ಇಸ್ತ್ರಿ ಅಕ್ಕ ಬಾಲ್ಕನಿಗೆ ಕುರ್ಚಿ ಹಾಕಿ ಅವಳನ್ನು ಕೂರಿಸಿ, "ಬಟ್ಟೆ ಇದೆ, ಆಮೇಲೆ ಬರ್ತೀನಿ" ಎಂದು ಹಿಂದಿನ ಮೆಟ್ಟಿಲಿಳಿದು ಹೋದಳು. ಗೇಟು ತೆರೆದೇ ಇತ್ತು.

ಹೆಂಡತಿ ಹತ್ತು ಗಿಡಗಳ ಮೇಲೂ ಕಣ್ಣಾಡಿಸಿ, ಕೊನೆಗೆ ಹಳೆಯ ಕುಂಡದಲ್ಲಿ ಒಂಟಿಯಾಗಿ ನಿಂತಿದ್ದ ಗೇಣುದ್ದದ ಗಿಡಕ್ಕೆ ಬಂದಳು. ತೂತಿನ ಎಲೆಯನ್ನು ಬೆರಳಲ್ಲಿ ಹಿಡಿದಳು.

"ಇದರ ಟಿಕೆಟ್ಟನ್ನೂ ಚೆಕ್ ಮಾಡಿದೀರಲ್ಲ ರೀ."

ಚೆಕಿಂಗ್ ಸಾರ್ ಅಂಗಿಯ ಜೇಬಿಗೆ ಕೈ ಹಾಕಿದರು. ತೆಗೆದರು. ಮತ್ತೆ ಹಾಕಿದರು. ಆ ಕೈಯನ್ನು ಯಾವ ಚೆಕರ್ ನೋಡಿದ್ದರೂ ಅಲ್ಲೇ ಸೀಟಿ ಊದುತ್ತಿದ್ದ. ಕೊನೆಗೆ ನಾಲ್ಕು ಮಡಿಕೆಯ ಕಾಗದವನ್ನು ತೆಗೆದು ಅವಳ ಮಡಿಲಲ್ಲಿಟ್ಟರು.

ಹೆಂಡತಿ ಮಡಿಕೆ ಬಿಚ್ಚಿದಳು. ಟಿಕೆಟ್ಟಿನ ನಡುವೆ, ಅಂಚು ಇನ್ನೂ ಬೆಳ್ಳಗಿದ್ದ, ಮೂರು ಮೂಲೆಯ ಒಂದು ಹೊಸ ತೂತಿತ್ತು.

"ಸರಿಯಾಗಿದೆ" ಎಂದರು ಚೆಕಿಂಗ್ ಸಾರ್. "ಟಿಕೆಟ್ ಸರಿಯಾಗಿತ್ತು. ಮಾವನವರನ್ನ ಇಳಿಸಬಾರದಿತ್ತು."

ಅವಳು ಟಿಕೆಟ್ಟನ್ನು ಎತ್ತಿ ಆ ತೂತಿನಿಂದ ಒಂದು ಕಣ್ಣಲ್ಲಿ ಬಾಲ್ಕನಿಯಾಚೆ ನೋಡಿದಳು. ನಾಲ್ಕು ಮಡಿಕೆ ಮಾಡಿ, ಬಗ್ಗಲು ಹೋಗಿ ಸೊಂಟ ಹಿಡಿದುಕೊಂಡಳು. ಅವರು ಅದನ್ನು ಅವಳ ಕೈಯಿಂದ ತೆಗೆದುಕೊಂಡು, ಅವಳು ತೋರಿಸಿದ ಕಡೆ, ಕುಂಡದ ಅಂಚಿಗೂ ಮಣ್ಣಿಗೂ ನಡುವೆ ಮೆಲ್ಲಗೆ ತುರುಕಿದರು.

"ಹಾಗೇ ಬೆರಳಿಟ್ಟು ನೋಡಿ" ಎಂದಳು.

ಅವರು ತೋರುಬೆರಳನ್ನು ಎರಡನೆಯ ಗೆಣ್ಣಿನ ತನಕ ಇಳಿಸಿ, ಕಾದು, ತೆಗೆದರು. ಮಣ್ಣು ಅಂಟಿತ್ತು.

"ಇವತ್ತು ಬೇಡವಂತೆ."